ಮನೆಯಂಗಳದಲ್ಲಿ ಉಳಿದ ವಿಶ್ವಾಸ: ಕೆನರಾ ಕರಾವಳಿಯ ಕಥೋಲಿಕ ಕುಟುಂಬಗಳ ಚರಿತ್ರೆಯಿಂದ ಒಂದು ಪಾಠ

ಧರ್ಮಸಭೆಯ ಚರಿತ್ರೆಯ ತರಗತಿಯನ್ನು ಆರಂಭಿಸುವ ದಿನ ನಾವು ಹೊಸ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಒಂದೇ ಪ್ರಶ್ನೆಯನ್ನು ಕೇಳುವುದುಂಟು: "ಶಿಲುಬೆಯ ಗುರುತು ಹಾಕಲು ನಿಮಗೆ ಮೊದಲು ಕಲಿಸಿದವರು ಯಾರು?" ಉತ್ತರಗಳು ಹೆಚ್ಚು ಬದಲಾಗುವುದಿಲ್ಲ. ಅಜ್ಜಿ ಎನ್ನುವವರು ಹಲವರು, ತಾಯಿ ಎನ್ನುವವರು ಉಳಿದವರು. ಒಬ್ಬಿಬ್ಬರು ಅಕ್ಕನನ್ನು ನೆನೆಯುತ್ತಾರೆ. ಎಲ್ಲಿ ಕಲಿತಿರಿ ಎಂದರೆ ಸಂಜೆಯ ಜಪಸರದ ಚಾಪೆಯ ಮೇಲೆ, ಒಲೆಯ ಮುಂದೆ, ಊಟಕ್ಕೆ ಕುಳಿತಾಗ ಎಂಬ ಉತ್ತರ ಬರುತ್ತದೆ. ಗುರುಗಳಿಂದ ಕಲಿತೆ ಎಂದವರನ್ನು ನಾವು ಇದುವರೆಗೆ ಕಂಡಿಲ್ಲ. ಆಮೇಲೆ ನಾವೆಲ್ಲರೂ ಪಠ್ಯಪುಸ್ತಕವನ್ನು ತೆರೆಯುತ್ತೇವೆ. ಅದರಲ್ಲಿ ಮಹಾಸಭೆಗಳಿವೆ, ವಿಶ್ವಗುರುಗಳಿದ್ದಾರೆ, ಧರ್ಮಪ್ರಾಂತ್ಯಗಳ ವಿಭಜನೆಗಳಿವೆ, ಸನ್ಯಾಸ ಸಂಸ್ಥೆಗಳ ಆಗಮನದ ವರ್ಷಗಳಿವೆ. ಅಜ್ಜಿಯ ಚಾಪೆಗೆ ಮಾತ್ರ ಅಲ್ಲಿ ಸ್ಥಳವಿಲ್ಲ.

ಈ ಲೋಪವು ಕೇವಲ ಪುಸ್ತಕದ ಲೋಪವಲ್ಲ, ನಮ್ಮ ಪಾಲನಾ ಸೇವೆಯ ಲೋಪವೂ ಹೌದು ಎಂಬುದು ಈ ಲೇಖನದ ವಾದ. ನಮ್ಮ ನಾಡಿನ ಕರಾವಳಿಯ ಕೊಂಕಣಿ ಭಾಷಿಕ ಕಥೋಲಿಕರ ಚರಿತ್ರೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಮದುವೆಯ ಆಚರಣೆ, ಅಡುಗೆ, ಕೈಕೆಲಸ ಇವು ಆ ಚರಿತ್ರೆಯಲ್ಲಿ ಒಂದು ಕಾಲಕ್ಕೆ ಅಪರಾಧಗಳೆಂದು ಎಣಿಸಲ್ಪಟ್ಟವು. ಮತ್ತೊಂದು ಕಾಲಕ್ಕೆ ವಿಶ್ವಾಸಕ್ಕೆ ಉಳಿದ ಆಸರೆ ಬಹುಮಟ್ಟಿಗೆ ಅವೇ ಆದವು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಗುರುವಾಗಲಿರುವವರಿಗೂ ಈಗಾಗಲೇ ಗುರುಗಳಾಗಿರುವ ನಮಗೂ ಅಗತ್ಯವೆಂದು ತೋರುತ್ತದೆ.

ಗುಡಾರ ಹೊಲಿಯುವವರ ಮನೆ

ಆದಿ ಧರ್ಮಸಭೆಗೆ ದೇವಾಲಯದ ಕಟ್ಟಡವಿರಲಿಲ್ಲ ಎಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಅದರ ಅರ್ಥವನ್ನು ಪೂರ್ತಿಯಾಗಿ ಗ್ರಹಿಸಿದ್ದೇವೆಯೇ? ಜೆರುಸಲೇಮಿನ ಭಕ್ತರು ಮನೆಮನೆಗಳಲ್ಲಿ ರೊಟ್ಟಿ ಮುರಿಯುತ್ತಿದ್ದರು, ಹರ್ಷದಿಂದ ಊಟಮಾಡುತ್ತಿದ್ದರು ಎಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುವಾಗ (2:46) ಬಲಿಪೂಜೆ ಮತ್ತು ಊಟಗಳ ನಡುವೆ ಇಂದು ನಾವು ಎಳೆಯುವ ಗೆರೆ ಇನ್ನೂ ಮೂಡಿರಲಿಲ್ಲ. ಕೊರಿಂಥದಲ್ಲಿ ಸಂತ ಪೌಲನು ತಂಗಿದ್ದು ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ. ಅದಕ್ಕೆ ಲೂಕನು ಕೊಡುವ ಕಾರಣ ಅತ್ಯಂತ ಲೌಕಿಕವಾದುದು: ಅವರದೂ ಪೌಲನದೂ ಒಂದೇ ಕಸುಬು, ಗುಡಾರ ತಯಾರಿಸುವುದು (18:3). ಮುಂದೆ ಪೌಲನು ಈ ದಂಪತಿಗಳನ್ನೂ ಅವರ ಮನೆಯಲ್ಲಿ ಸೇರುವ ಸಭೆಯನ್ನೂ ತನ್ನ ಪತ್ರಗಳಲ್ಲಿ ಎರಡು ಬಾರಿ ನೆನೆಯುತ್ತಾನೆ (ರೋಮ 16:3-5, 1 ಕೊರಿಂಥ 16:19). ದಾಂಪತ್ಯ, ಕಸುಬು, ಊಟ ಮತ್ತು ಉಪದೇಶ ಇವೆಲ್ಲ ಒಂದೇ ಸೂರಿನ ಕೆಳಗೆ ನಡೆದವು. ವಾಕ್ಚತುರನಾದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನಷ್ಟು ಸ್ಪಷ್ಟವಾಗಿ ತಿಳಿಸಿಕೊಟ್ಟವರೂ ಈ ದಂಪತಿಗಳೇ (18:26).

ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜಾನ್ ಕ್ರಿಸೊಸ್ತೊಮರು ತಮ್ಮ ಪ್ರಸಂಗಗಳಲ್ಲಿ ಮನೆಯನ್ನು ಧರ್ಮಸಭೆಯನ್ನಾಗಿಸಿಕೊಳ್ಳುವಂತೆ ಗೃಹಸ್ಥರಿಗೆ ಹೇಳಿದರು. ಆ ವೇಳೆಗಾಗಲೇ ದೊಡ್ಡ ಬೆಸಿಲಿಕಗಳು ಎದ್ದಿದ್ದವು. ಪೂಜೆಗೆ ಭವ್ಯ ಕಟ್ಟಡ ಬಂದ ಮೇಲೂ ಮನೆಯ ಹೊಣೆ ಮುಗಿಯಲಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು.

ತ್ರೆಂತ್ ಮಹಾಸಭೆ ಬಿಟ್ಟುಕೊಟ್ಟ ಅವಕಾಶ

ಮದುವೆಯ ವಿಷಯದಲ್ಲಿ ಮನೆಗೂ ದೇವಾಲಯಕ್ಕೂ ಇರುವ ಸಂಬಂಧ 1563ರಲ್ಲಿ ಹೊಸ ರೂಪ ಪಡೆಯಿತು. ಅದಕ್ಕೆ ಮೊದಲು ವಧೂವರರ ಪರಸ್ಪರ ಸಮ್ಮತಿಯೊಂದೇ ವಿವಾಹವನ್ನು ಸಿಂಧುಗೊಳಿಸುತ್ತಿತ್ತು. ಸಾಕ್ಷಿಗಳಿಲ್ಲದೆ ನಡೆದ ಗುಪ್ತ ವಿವಾಹಗಳೂ ಸಿಂಧುವೇ. ಇದರಿಂದ ಮೋಸಹೋದವರಲ್ಲಿ ಹೆಂಗಸರೇ ಹೆಚ್ಚು. ಆದ್ದರಿಂದ ತ್ರೆಂತ್ ಮಹಾಸಭೆಯು 'ತಮೆತ್ಸಿ' ಎಂಬ ಆಜ್ಞಾಪತ್ರದ ಮೂಲಕ ಧರ್ಮಕೇಂದ್ರದ ಗುರು ಮತ್ತು ಇಬ್ಬರು ಅಥವಾ ಮೂವರು ಸಾಕ್ಷಿಗಳ ಸಮಕ್ಷಮದಲ್ಲೇ ಮದುವೆ ನಡೆಯಬೇಕೆಂದು ವಿಧಿಸಿತು. ಇದು ದುರ್ಬಲರ ರಕ್ಷಣೆಗಾಗಿ ಬಂದ ನಿಯಮವೆಂಬುದನ್ನು ಮರೆಯಬಾರದು.

ಆದರೆ ಅದೇ ಆಜ್ಞಾಪತ್ರದ ಇನ್ನೊಂದು ಮಾತನ್ನು ನಾವು ಬಹಳವಾಗಿ ಮರೆತಿದ್ದೇವೆ. ಯಾವುದೇ ಪ್ರಾಂತ್ಯದಲ್ಲಿ ವಿವಾಹಕ್ಕೆ ಸಂಬಂಧಿಸಿದ ಪ್ರಶಂಸಾರ್ಹ ಪದ್ಧತಿಗಳಿದ್ದರೆ ಅವು ಉಳಿಯಬೇಕೆಂದೇ ತಾನು ಮನಃಪೂರ್ವಕವಾಗಿ ಬಯಸುವುದಾಗಿ ಮಹಾಸಭೆ ಹೇಳಿತು. ನಾಲ್ಕು ಶತಮಾನಗಳ ಬಳಿಕ, 1963ರಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನಾ ವಿಧಿಯ ಸಂವಿಧಾನದ 77ನೆಯ ಪರಿಚ್ಛೇದದಲ್ಲಿ ಇದೇ ಮಾತನ್ನು ಎತ್ತಿಕೊಂಡು ಪುನಃ ದೃಢಪಡಿಸಿತು. ಸ್ಥಳೀಯ ಪದ್ಧತಿಗಳಿಗೆ ಗೌರವ ಕೊಡುವುದು ಇತ್ತೀಚಿನ ಉದಾರವಾದಿಗಳ ಆವಿಷ್ಕಾರವೆಂದು ಶಂಕಿಸುವವರು ತ್ರೆಂತನ್ನು ಮತ್ತೊಮ್ಮೆ ಓದಬೇಕು.

1659ರಲ್ಲಿ ವಿಶ್ವಾಸ ಪ್ರಸಾರ ಮಂಡಳಿಯು ಏಷ್ಯಾದ ಪ್ರೇಷಿತ ಪ್ರತಿನಿಧಿಗಳಿಗೆ ಕಳುಹಿಸಿದ ಸೂಚನೆಯೂ ಇದೇ ಜಾಡಿನಲ್ಲಿದೆ. ಧರ್ಮಕ್ಕೂ ಸನ್ನಡತೆಗೂ ನೇರವಾಗಿ ವಿರುದ್ಧವಾಗಿಲ್ಲದ ಯಾವ ಸಂಪ್ರದಾಯವನ್ನೂ ಬದಲಿಸಲು ಜನರನ್ನು ಒತ್ತಾಯಿಸಬೇಡಿ, ಯೂರೋಪನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ, ವಿಶ್ವಾಸವನ್ನು ಕೊಂಡೊಯ್ಯಿರಿ ಎಂಬುದು ಅದರ ತಾತ್ಪರ್ಯ. ನಿಯಮ ಹೀಗಿತ್ತು. ನಡೆದದ್ದು ಬೇರೆ.

1736ರ ಆಜ್ಞೆ: ಅನ್ನದ ಮಡಕೆಯ ವಿಚಾರಣೆ

1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ವಿಚಾರಣಾ ಮಂಡಳಿ, ಅಂದರೆ ಇನ್ಕ್ವಿಸಿಶನ್, ನಡುವೆ ಕೆಲವು ವರ್ಷ ರದ್ದಾಗಿದ್ದರೂ 1812ರವರೆಗೆ ಬಾಳಿತು. ಅದರ ಕ್ರೌರ್ಯದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ನಮ್ಮ ವಿಷಯಕ್ಕೆ ಹತ್ತಿರವಾದುದು 1736ರ ಏಪ್ರಿಲ್ 14ರಂದು ಅದು ಹೊರಡಿಸಿದ ಆಜ್ಞಾಪತ್ರ. ಅದನ್ನು ಓದುವವರಿಗೆ ನ್ಯಾಯಾಧೀಶರು ದೇವಶಾಸ್ತ್ರವನ್ನು ಬಿಟ್ಟು ಅಡುಗೆಮನೆಗೆ ನುಗ್ಗಿದಂತೆ ಅನಿಸುತ್ತದೆ. ಮದುವೆಗಳಲ್ಲಿ ದೇಶೀಯ ವಾದ್ಯಗಳನ್ನು ನುಡಿಸಬಾರದು. ಹೆಂಗಸರು 'ವೊವಿಯೊ' ಎಂಬ ಸೋಬಾನೆ ಹಾಡುಗಳನ್ನು ಹಾಡಬಾರದು. ವಧೂವರರಿಗೆ ಅರಿಸಿನ, ಹಾಲು, ತೆಂಗಿನೆಣ್ಣೆ, ಅಕ್ಕಿಹಿಟ್ಟುಗಳನ್ನು ಹಚ್ಚಬಾರದು. ಬೀಗರ ಮನೆಗಳ ನಡುವೆ ಹೂ, ವೀಳ್ಯ, ಅಡಿಕೆಗಳ ವಿನಿಮಯ ವಿಧಿಪೂರ್ವಕವಾಗಿ ನಡೆಯಬಾರದು. ಮನೆಯ ಬಳಿ ತುಳಸಿ ಬೆಳೆಸಬಾರದು. ಗಂಡಸರು ಪಂಚೆಯನ್ನೂ ಹೆಂಗಸರು ರವಿಕೆಯನ್ನೂ ದೇಶೀಯ ರೀತಿಯಲ್ಲಿ ಉಡಬಾರದು, ತೊಡಬಾರದು. ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸಿ ಆಮೇಲೆ ಉಪ್ಪು ಬೆರೆಸಬಾರದು.

ಈ ಕೊನೆಯ ವಿಧಿಯ ಮುಂದೆ ಸ್ವಲ್ಪ ನಿಲ್ಲೋಣ. ಅನ್ನಕ್ಕೆ ಉಪ್ಪು ಯಾವಾಗ ಬೀಳುತ್ತದೆ ಎಂಬುದರಿಂದ ಆ ಮನೆಯವರ ವಿಶ್ವಾಸವನ್ನು ಅಳೆಯಲಾಯಿತು. ಇದೇ ಕಾಲದಲ್ಲಿ ಇದೇ ಧರ್ಮಸಭೆಯು ದೀಕ್ಷಾಸ್ನಾನದ ವಿಧಿಯಲ್ಲಿ ಆಶೀರ್ವದಿಸಿದ ಉಪ್ಪಿನ ಹರಳನ್ನು ಶಿಶುವಿನ ನಾಲಗೆಯ ಮೇಲಿಡುತ್ತಿತ್ತು. ಅದು ವಿವೇಕದ ಗುರುತು. ಮನೆಯ ವಸ್ತುವೊಂದು ದೈವಕೃಪೆಯ ಸಂಕೇತವಾಗಬಲ್ಲದೆಂಬ ತತ್ತ್ವವನ್ನು ಬಲಿಪೀಠದ ಬಳಿ ಒಪ್ಪಿಕೊಂಡವರು ಒಲೆಯ ಬಳಿ ಅದನ್ನು ನಿರಾಕರಿಸಿದರು. ಒಂದು ಕಡೆ ಸಂಸ್ಕಾರ, ಇನ್ನೊಂದು ಕಡೆ ಸಾಕ್ಷ್ಯ.

ಆ ಅಧಿಕಾರಿಗಳ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಹಳೆಯ ನಂಬಿಕೆಗಳು ಹಳೆಯ ಆಚರಣೆಗಳ ಜೊತೆಗೇ ಉಳಿಯುತ್ತವೆ ಎಂಬ ಅವರ ಭಯ ಸಂಪೂರ್ಣ ಆಧಾರರಹಿತವೇನಲ್ಲ. ದಕ್ಷಿಣದಲ್ಲಿ ರೋಬೆರ್ತೊ ದೆ ನೊಬಿಲಿಯವರ ಮಾರ್ಗವನ್ನು ಕುರಿತ ವಾದವೂ ಇದೇ ಪ್ರಶ್ನೆಯ ಸುತ್ತ ನಡೆಯಿತು. 1623ರಲ್ಲಿ ಹದಿನೈದನೆಯ ಗ್ರೆಗರಿಯವರು ಅವರಿಗೆ ಅನುಮತಿ ಕೊಟ್ಟರು. 1704ರಲ್ಲಿ ಪುದುಚೇರಿಯಲ್ಲಿ ಕಾರ್ಡಿನಲ್ ತೂರ್ನೊ ಅವರು, ಆಗ ಅವರು ವಿಶ್ವಗುರುಗಳ ಪ್ರತಿನಿಧಿ, ತಾಳಿಯ ಮೇಲಿನ ದೇವತಾಚಿತ್ರ, ಮದುವೆಯಲ್ಲಿ ತೆಂಗಿನಕಾಯಿ ಒಡೆಯುವುದು ಮೊದಲಾದವನ್ನು ನಿಷೇಧಿಸಿದರು. ಆ ವಾದಕ್ಕೆ 1744ರಲ್ಲಿ ಹದಿನಾಲ್ಕನೆಯ ಬೆನೆದಿಕ್ತರ ತೀರ್ಪು ತೆರೆ ಎಳೆಯಿತು. ಶ್ರೀರಂಗಪಟ್ಟಣದಲ್ಲಿ ಲಿಯೊನಾರ್ದೊ ಚಿನ್ನಾಮಿಯವರು ಹದಿನೇಳನೆಯ ಶತಮಾನದ ನಡುವಿನಲ್ಲಿ ಆರಂಭಿಸಿದ ಮೈಸೂರು ಮಿಶನ್ ಕೂಡ ಈ ಚರ್ಚೆಯ ಬಿಸಿಯನ್ನು ಅನುಭವಿಸಿತು. ವಿವೇಚನೆ ಬೇಕೇ ಬೇಕು. ಆದರೆ ವಿವೇಚನೆಗೆ ಮೊದಲು ಪ್ರಶ್ನೆ ಕೇಳಬೇಕು: ಈ ಮನೆಯವರು ಇದನ್ನು ಏಕೆ ಮಾಡುತ್ತಾರೆ, ಮಾಡುವಾಗ ಅವರ ಮನಸ್ಸಿನಲ್ಲಿ ಏನಿದೆ? 1736ರ ಆಜ್ಞಾಪತ್ರವು ಈ ಪ್ರಶ್ನೆಯನ್ನು ಕೇಳಿದಂತೆ ಕಾಣುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಅದು ಪಟ್ಟಿಮಾಡಿತು.

ದೇವಾಲಯಗಳಿಲ್ಲದ ಹದಿನೈದು ವರ್ಷಗಳು

ಗೋವೆಯಿಂದ ದಕ್ಷಿಣಕ್ಕೆ, ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ, ಕಥೋಲಿಕ ಕುಟುಂಬಗಳು ಹಲವು ಅಲೆಗಳಲ್ಲಿ ವಲಸೆ ಬಂದವು. ಕ್ಷಾಮ, ರೋಗ, ತೆರಿಗೆ, 1683ರ ಮರಾಠಾ ದಂಡಯಾತ್ರೆಯಂಥ ಯುದ್ಧಗಳು, ವಿಚಾರಣಾ ಮಂಡಳಿಯ ಭಯ ಇವೆಲ್ಲವೂ ಕಾರಣಗಳೇ. ಯಾವುದೋ ಒಂದನ್ನೇ ಹಿಡಿದು ಉಳಿದವನ್ನು ಬಿಡುವುದು ಚರಿತ್ರೆಗೆ ನ್ಯಾಯವಲ್ಲ. ಕೃಷಿಯಲ್ಲಿ ನುರಿತಿದ್ದ ಇವರನ್ನು ಕೆಳದಿಯ ಅರಸರು ನೆಲೆಗೊಳಿಸಿದರು. ಪೋರ್ಚುಗೀಸರ ಆಳ್ವಿಕೆಯಿಂದ ಹೊರಗಿದ್ದ ಈ ನೆಲದಲ್ಲಿ, ಅಲ್ಲಿ ನಿಷೇಧಿಸಲ್ಪಟ್ಟ ಅನೇಕ ಗೃಹಾಚರಣೆಗಳು ಉಸಿರಾಡಿಕೊಂಡು ಉಳಿದವು.

1763ರಲ್ಲಿ ಬಿದನೂರು ಹೈದರಲಿಯ ವಶವಾಯಿತು. ಇಂಗ್ಲಿಷರೊಡನೆ ನಡೆದ ಎರಡನೆಯ ಮೈಸೂರು ಯುದ್ಧದ ಕೊನೆಯ ಹಂತದಲ್ಲಿ, ಶತ್ರುವಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅದು ವಿಭೂತಿ ಬುಧವಾರದಂದು ಆರಂಭವಾಯಿತೆಂಬುದು ಸಮುದಾಯದ ನೆನಪು. ಸೆರೆಯಾದವರ ಸಂಖ್ಯೆಯನ್ನು ಬೇರೆ ಬೇರೆ ಮೂಲಗಳು ಬೇರೆ ಬೇರೆಯಾಗಿ ಕೊಡುತ್ತವೆ. ಹತ್ತಾರು ಸಾವಿರ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಗುರುಗಳನ್ನು ಗಡೀಪಾರು ಮಾಡಲಾಯಿತು. ಬಹುಪಾಲು ದೇವಾಲಯಗಳು ನೆಲಸಮವಾದವು. ದಾರಿಯಲ್ಲಿ ಮತ್ತು ಸೆರೆಯಲ್ಲಿ ಅನೇಕರು ಸತ್ತರು; ಅನೇಕರು ಬಲವಂತದಿಂದ ಧರ್ಮ ಬದಲಿಸಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರಿಗೆ ಬಿಡುಗಡೆ ದೊರೆಯಿತು. ಅದಕ್ಕೂ ಮುಂಚೆ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ದೊಡ್ಡವೀರರಾಜೇಂದ್ರನು ಆಶ್ರಯ ಕೊಟ್ಟನು. 1792ರಲ್ಲಿ ನೆಲೆಗೊಂಡ ವಿರಾಜಪೇಟೆಯ ಕಥೋಲಿಕ ಸಮುದಾಯದ ಮೂಲ ಅದು. ಈ ಘಟನೆಗಳನ್ನು ಇಂದಿನ ನೆರೆಹೊರೆಯವರ ವಿರುದ್ಧ ದ್ವೇಷ ಬೆಳೆಸಲು ಬಳಸುವವರಿದ್ದಾರೆ. ಗುರುಗಳಾದ ನಾವು ಅದಕ್ಕೆ ಎಡೆಗೊಡಬಾರದು. ರಾಜ್ಯಗಳ ಯುದ್ಧದಲ್ಲಿ ಪ್ರಜೆಗಳು ನಲುಗಿದ ಕಥೆ ಇದು. ಆಶ್ರಯ ಕೊಟ್ಟವನೂ ಕ್ರೈಸ್ತನಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು.

ನಮ್ಮ ಪ್ರಶ್ನೆ ಇಷ್ಟು: ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಮದುವೆಯ ವಯಸ್ಸಿಗೆ ಬರುವ ಅವಧಿ. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಗಂಟೆಯ ಸದ್ದಿಲ್ಲ. ಆದರೂ 1799ರಲ್ಲಿ ಮರಳಿ ಬಂದವರು ಕ್ರೈಸ್ತರಾಗಿಯೇ ಬಂದರು. ತಮ್ಮ ಭಾಷೆಯನ್ನು, ಮನೆತನದ ಹೆಸರುಗಳನ್ನು, ಪ್ರಾರ್ಥನೆಗಳನ್ನು ಹೊತ್ತು ತಂದರು. ಬಂದವರೇ ಕುಸಿದ ದೇವಾಲಯಗಳನ್ನು ಮತ್ತೆ ಕಟ್ಟಲು ತೊಡಗಿದರು. ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆಯ ಕ್ರೈಸ್ತರನ್ನು ಸಂಘಟಿಸಲು ಬಂದ ಅಬ್ಬೆ ದುಬುವಾ ಅವರಿಗೂ ಅಲ್ಲಿ ಸಂಘಟಿಸಲು ಜನರಿದ್ದರು ಎಂಬುದೇ ದೊಡ್ಡ ಸಾಕ್ಷ್ಯ. ಈ ವಿಶ್ವಾಸ ಎಲ್ಲಿ ಉಳಿದಿತ್ತು? ಗುರುಗಳಲ್ಲಿ ಅಲ್ಲ, ಅವರು ಇರಲಿಲ್ಲ. ಕಟ್ಟಡಗಳಲ್ಲಿ ಅಲ್ಲ, ಅವು ಉರುಳಿದ್ದವು. ತಂದೆತಾಯಿಗಳು ಮಕ್ಕಳಿಗೆ ಹೇಳಿಕೊಟ್ಟ ಪ್ರಾರ್ಥನೆಯಲ್ಲಿ, ಹಂಚಿ ತಿಂದ ಅನ್ನದಲ್ಲಿ ಅದು ಉಳಿದಿತ್ತೆಂದು ಹೇಳದೆ ಬೇರೆ ದಾರಿಯಿಲ್ಲ.

ದೈವಶಾಸ್ತ್ರವೂ ಇದನ್ನು ಬೆಂಬಲಿಸುತ್ತದೆ. ತುರ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಲತೀನ್ ಸಂಪ್ರದಾಯದಲ್ಲಿ ವಿವಾಹ ಸಂಸ್ಕಾರವನ್ನು ನೀಡುವವರು ವಧೂವರರೇ; ಗುರುವು ಧರ್ಮಸಭೆಯ ಪರವಾಗಿ ಅವರ ಸಮ್ಮತಿಯನ್ನು ಸ್ವೀಕರಿಸುವ ಸಾಕ್ಷಿ. ಗುರುವಿಗಾಗಿ ಬಹುಕಾಲ ಕಾಯಬೇಕಾದ ಸಂಕಷ್ಟದಲ್ಲಿ ಸಾಕ್ಷಿಗಳ ಮುಂದೆ ಮಾತ್ರ ಮದುವೆಯಾಗುವ ಅವಕಾಶವನ್ನು ಇಂದಿನ ಧರ್ಮಸಭಾ ಕಾನೂನೂ (ವಿಧಿ 1116) ಇರಿಸಿಕೊಂಡಿದೆ. ಏಳು ಸಂಸ್ಕಾರಗಳಲ್ಲಿ ಎರಡರ ಬೀಜ ಮನೆಯ ಕೈಯಲ್ಲೇ ಇದೆಯೆಂದು ಇದರರ್ಥ.

ತೆನೆ, ತೆಂಗಿನ ಹಾಲು, ಕುಸ್ವಾರ್

ಈಗ ಆ ಮನೆಯೊಳಗೆ ಹೋಗೋಣ. ಸೆಪ್ಟೆಂಬರ್ 8, ಕನ್ಯಾಮರಿಯಮ್ಮನವರ ಜನ್ಮದಿನ. ಕರಾವಳಿಯಲ್ಲಿ ಇದು 'ಮೊಂತಿ ಫೆಸ್ತ್'. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಫಾದರ್ ಜೋಕಿಂ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂಬುದು ಪರಂಪರೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಗುರುಗಳು ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ನಮ್ಮ ಪಾಲಿನ ಪೂಜೆ ಅಲ್ಲಿಗೆ ಮುಗಿಯುತ್ತದೆ. ಮನೆಯವರದು ಆಗ ತೊಡಗುತ್ತದೆ. ತೆನೆಯ ಕಾಳು ಸುಲಿದು, ಪುಡಿಮಾಡಿ, ಹಾಲಿನಲ್ಲೋ ತೆಂಗಿನ ಹಾಲಿನ ಪಾಯಸದಲ್ಲೋ ಬೆರೆಸುತ್ತಾರೆ. ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಅದನ್ನು ಎಲ್ಲರಿಗೂ ಕೊಡುತ್ತಾರೆ. ಇದೇ 'ನೊವೆಂ', ಹೊಸತರ ಊಟ. ಬಾಳೆಲೆಯ ಮೇಲೆ ಅಂದು ಮೀನು ಮಾಂಸಗಳಿಲ್ಲ, ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು ಮಾತ್ರ. ದೂರದ ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳುಹಿಸುವ ತಾಯಂದಿರು ಇಂದಿಗೂ ಇದ್ದಾರೆ.

ಇದು ಸುತ್ತಲಿನ ಹಿಂದೂ ಬಾಂಧವರ ತೆನೆ ಹಬ್ಬಕ್ಕೂ ಹತ್ತಿರ, ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಪ್ರಥಮ ಫಲದ ಅರ್ಪಣೆಗೂ ಹತ್ತಿರ. ಆ ಅಧ್ಯಾಯದಲ್ಲಿ ರೈತನು ಬುಟ್ಟಿಯನ್ನು ಯಾಜಕನ ಕೈಗೆ ಕೊಟ್ಟ ಬಳಿಕ ತನ್ನ ಪೂರ್ವಜರ ಅಲೆದಾಟದ, ದಾಸ್ಯದ, ಬಿಡುಗಡೆಯ ಕಥೆಯನ್ನು ಬಾಯಿಬಿಟ್ಟು ಹೇಳಬೇಕು. ಸೆರೆವಾಸದಿಂದ ಬಿಡುಗಡೆಯಾಗಿ ಬಂದ ಜನಾಂಗವೊಂದು ಹೊಸ ಅಕ್ಕಿಯನ್ನು ಹಂಚಿ ತಿನ್ನುವಾಗ ಆ ಅಧ್ಯಾಯ ಅವರ ಮನೆಯಲ್ಲಿ ಓದಿಸಿಕೊಳ್ಳದೆಯೇ ನೆರವೇರುತ್ತದೆ. ನಾವು ಮಾಡಬೇಕಾದದ್ದು ಇಷ್ಟೇ: ತೆನೆ ಹಂಚುವ ದಿನ ಆ ಅಧ್ಯಾಯವನ್ನು ಅವರ ಕಿವಿಗೂ ಮುಟ್ಟಿಸುವುದು.

ಮದುವೆಯ ಹಿಂದಿನ ಸಂಜೆಯ 'ರೋಸ್' ಕೂಡ ಹೀಗೆಯೇ. ಹಿರಿಯರೊಬ್ಬರು ಪ್ರಾರ್ಥನೆ ಹೇಳಿದ ಮೇಲೆ ತಂದೆತಾಯಿ, ಅಜ್ಜಅಜ್ಜಿ, ಸೋದರಮಾವ, ಅತ್ತೆ, ನೆರೆಯವರು ಒಬ್ಬೊಬ್ಬರಾಗಿ ಬಂದು ಎಣ್ಣೆಯಿಂದ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ತೆಂಗಿನ ಹಾಲನ್ನು ಹಚ್ಚುತ್ತಾರೆ. ಹೆಂಗಸರು ವೊವಿಯೊ ಹಾಡುತ್ತಾರೆ. 1736ರಲ್ಲಿ ನಿಷೇಧಿಸಲ್ಪಟ್ಟದ್ದೂ ಬಹುಮಟ್ಟಿಗೆ ಇದೇ. ಶಿಲುಬೆಯ ಗುರುತನ್ನು ಹಣೆಗೂ ತೆಂಗಿನ ಹಾಲನ್ನು ಮೈಗೂ ಹಚ್ಚಿ, ನಿಷೇಧಿಸಿದವರು ಬೇರೆ ಬೇರೆ ಎಂದು ತಿಳಿದದ್ದನ್ನು ಈ ಹೆಂಗಸರು ಒಂದು ಮಾಡಿದರು. ಇದಕ್ಕಾಗಿ ಯಾವ ಸಮಿತಿಯೂ ಕೂಡಲಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಗುರುದೀಕ್ಷೆಯಾದ ಹೊಸತರಲ್ಲಿ, ಸಹಾಯಕ ಗುರುವಾಗಿದ್ದ ಒಂದು ಊರಿನಲ್ಲಿ, ರೋಸ್ ನಡೆಯುತ್ತಿದ್ದ ಮನೆಗೆ ತಡವಾಗಿ ಹೋದೆವು. ಹಾಡು ಮುಗಿಯುವಂತಿರಲಿಲ್ಲ. ನಿಜವಾದ ಮದುವೆ ನಾಳೆ ದೇವಾಲಯದಲ್ಲಿ, ಇದೆಲ್ಲ ಹಳೆಯ ಕಾಲದ ಲೌಕಿಕ ಪದ್ಧತಿ, ಬೇಗ ಮುಗಿಸಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆವು. ವಧುವಿನ ಅಜ್ಜಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಡದೆ ಉತ್ತರಿಸಿದರು: "ಫಾದರ್, ನಾಳೆ ನೀವು ಕೇಳುವ ಪ್ರಶ್ನೆಗೆ ಅವಳು ಹೌದು ಅನ್ನಬೇಕಲ್ಲ. ಅದಕ್ಕೆ ಬೇಕಾದ ಧೈರ್ಯವನ್ನು ನಾವು ಇವತ್ತು ಕೊಡುತ್ತಾ ಇದ್ದೇವೆ." ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಸಮ್ಮತಿಯ ಪ್ರಶ್ನೆಯನ್ನು ಓದುವಾಗ ವಧುವಿನ ಸ್ವರ ನಡುಗಲಿಲ್ಲ. ವಿವಾಹ ಸಂಸ್ಕಾರದ ಬಗ್ಗೆ ನಾವು ಓದಿದ ಯಾವ ಗ್ರಂಥವೂ ಮುಕ್ತ ಸಮ್ಮತಿಗೆ ಒಂದು ಮನೆಯ ಸಿದ್ಧತೆ ಬೇಕೆಂಬುದನ್ನು ನಮಗೆ ಅಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ. ಆ ಅಜ್ಜಿ ಈಗಿಲ್ಲ. ಆ ಸಂಜೆಯ ಗಡುಸುತನಕ್ಕಾಗಿ ಅವರಲ್ಲಿ ಕ್ಷಮೆ ಕೇಳಲು ನಾವು ಹೋಗಲಿಲ್ಲವೆಂಬುದು ಉಳಿದಿರುವ ನೋವು.

ಅಡುಗೆಯ ಇತರ ವಿಷಯಗಳನ್ನು ಬೇಗ ಹೇಳಿ ಮುಗಿಸಬಹುದು. ಕಳ್ಳು ಬೆರೆಸಿ ಹುದುಗಿಸಿದ ಅಕ್ಕಿಹಿಟ್ಟಿನಿಂದ ಆವಿಯಲ್ಲಿ ಬೇಯಿಸಿದ ಸಾನ್ನಾ, ತೆಂಗಿನ ಹಾಲಿನ ವೊರ್ನ್ ಎಂಬ ಪಾಯಸ, ಕ್ರಿಸ್ಮಸ್ಸಿನ ಕುಸ್ವಾರ್. ಕಿಡಿಯೊ, ನೆವ್ರಿ, ಚಕ್ಕುಲಿ, ಎಳ್ಳುಂಡೆಗಳನ್ನು ಮನೆಮಂದಿಯೆಲ್ಲ ಸೇರಿ ರಾತ್ರಿಯವರೆಗೆ ಮಾಡುತ್ತಾರೆ. ತಟ್ಟೆಯಲ್ಲಿ ಜೋಡಿಸಿ ನೆರೆಯ ಹಿಂದೂ, ಮುಸಲ್ಮಾನ ಮನೆಗಳಿಗೆ ಮಕ್ಕಳ ಕೈಯಲ್ಲಿ ಕಳುಹಿಸುತ್ತಾರೆ. ಅಂತರ್ಧರ್ಮೀಯ ಸಂವಾದದ ಬಗ್ಗೆ ನಮ್ಮ ಗ್ರಂಥಾಲಯದಲ್ಲಿ ಅನೇಕ ಪುಸ್ತಕಗಳಿವೆ. ಆ ಮಕ್ಕಳು ಅವನ್ನು ಓದದೆಯೇ ನೆರೆಮನೆಯ ಬಾಗಿಲು ತಟ್ಟುತ್ತಾರೆ.

ಕೈಕೆಲಸದ ಪಾಠ

ಕೈಕೆಲಸಕ್ಕೂ ಈ ಚರಿತ್ರೆಯಲ್ಲಿ ಸ್ಥಾನವಿದೆ. ತೆಂಗಿನ ಗರಿಯ ತಟ್ಟಿ ಹೆಣೆದು ಮದುವೆಯ ಚಪ್ಪರ ಹಾಕುವುದು ನೆರೆಹೊರೆಯವರ ಒಟ್ಟು ಕೆಲಸವಾಗಿತ್ತು. ಗರಿಗಳ ಭಾನುವಾರ ತಂದ ಎಳೆಯ ಗರಿಯಿಂದ ಮಕ್ಕಳಿಗೆ ಪುಟ್ಟ ಶಿಲುಬೆ ಹೆಣೆಯಲು ಕಲಿಸುವುದು, ಡಿಸೆಂಬರಿನಲ್ಲಿ ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುವುದು, ಹುಲ್ಲು ಮಣ್ಣುಗಳಿಂದ ಗೋದಲಿ ಕಟ್ಟುವುದು, ಇವೆಲ್ಲ ಕೈಯ ಮೂಲಕ ನಡೆಯುವ ಧರ್ಮೋಪದೇಶ. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಾವು ಇದನ್ನು ಕಿರಿದೆಂದು ತಿಳಿಯಲಾರೆವು.

ಇದೇ ಕರಾವಳಿಯ ಪ್ರೊಟೆಸ್ಟೆಂಟ್ ಸಹೋದರರ ಅನುಭವವೂ ಇಲ್ಲಿ ಉಪಯುಕ್ತ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬೇಗನೆ ಒಂದು ಸಂಗತಿಯನ್ನು ಕಂಡುಕೊಂಡರು: ದೀಕ್ಷಾಸ್ನಾನ ಪಡೆದವನು ಅನೇಕ ವೇಳೆ ಕುಟುಂಬವನ್ನೂ ಆಸ್ತಿಯ ಪಾಲನ್ನೂ ಕುಲಕಸುಬನ್ನೂ ಒಂದೇ ದಿನ ಕಳೆದುಕೊಳ್ಳುತ್ತಾನೆ. ಉಪದೇಶವೊಂದೇ ಅವನಿಗೆ ಸಾಲದು. ಅವನಿಗೊಂದು ಒಲೆ ಬೇಕು. ನೇಯ್ಗೆಯ ಮಗ್ಗಗಳೂ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆಯೂ ಈ ಅರಿವಿನಿಂದ ಹುಟ್ಟಿದವು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯವರ ಕಾಲದಲ್ಲಿ ಜೆಪ್ಪುವಿನ ಸಂತ ಜೋಸೆಫರ ಆಶ್ರಮದ ಕಾರ್ಯಾಗಾರಗಳು ಅನಾಥರಿಗೂ ಬಡವರಿಗೂ ಮರಗೆಲಸ ಮೊದಲಾದ ಕಸುಬುಗಳನ್ನು ಕಲಿಸಿದವು. ವಿಶ್ವಾಸ ನಿಲ್ಲಲು ಮನೆ ಬೇಕು, ಮನೆ ನಿಲ್ಲಲು ಕಸುಬು ಬೇಕು ಎಂಬ ವಿಷಯದಲ್ಲಿ ಎರಡು ಸಭೆಗಳೂ ಒಂದೇ ತೀರ್ಮಾನಕ್ಕೆ ಬಂದವು.

ಹೊಗಳಿಕೆಗೆ ಒಂದು ಮಿತಿ

ಇಷ್ಟು ಹೇಳಿದ ಮೇಲೆ ಮನೆಯನ್ನು ಪೂಜಾವಿಗ್ರಹವನ್ನಾಗಿಸುವ ಅಪಾಯವನ್ನೂ ಎಚ್ಚರಿಸಬೇಕು. ಮೂರು ವಿಷಯಗಳಲ್ಲಿ ಗೃಹಾಚರಣೆಗಳು ಶುಭವಾರ್ತೆಯ ತೀರ್ಪಿಗೆ ಒಳಗಾಗಲೇಬೇಕು.

ಮೊದಲನೆಯದು ಜಾತಿ. ದೀಕ್ಷಾಸ್ನಾನದ ನೀರು ತೊಳೆಯದೆ ಬಿಟ್ಟ ಜಾತಿಯ ಹೆಸರುಗಳು ಗೋವೆಯಿಂದಲೇ ವಲಸೆ ಬಂದವು. ಮದುವೆಯ ಸಂಬಂಧ ಹುಡುಕುವಾಗ ಅವು ಇಂದಿಗೂ ಪಿಸುಮಾತಿನಲ್ಲಿ ಕೇಳಿಬರುತ್ತವೆ. ವಿಚಾರಣಾ ಮಂಡಳಿಯು ಅರಿಸಿನವನ್ನು ನಿಷೇಧಿಸಿತು. ಜಾತಿಯನ್ನು ಹಾಗೆ ಬೆನ್ನಟ್ಟಲಿಲ್ಲ. ನಿಷೇಧಿಸಬೇಕಾದದ್ದನ್ನು ಬಿಟ್ಟು ಬಿಡಬೇಕಾದದ್ದನ್ನು ನಿಷೇಧಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಎರಡನೆಯದು ಹೆಂಗಸರ ದುಡಿಮೆ. ಸಾನ್ನಾದ ಹಿಟ್ಟು ರುಬ್ಬಿದವರು, ಕಾಯಿ ತುರಿದವರು, ಎಲ್ಲರೂ ಉಂಡ ಮೇಲೆ ಉಣ್ಣಲು ಕುಳಿತವರು ಯಾರು? ವಿಶ್ವಾಸವನ್ನು ಉಳಿಸಿದವರು ಹೆಂಗಸರೆಂದು ಪ್ರಸಂಗದಲ್ಲಿ ಹೊಗಳಿ, ಧರ್ಮಕೇಂದ್ರದ ಸಭೆಯಲ್ಲಿ ಅವರ ಮಾತಿಗೆ ಕಿವಿಗೊಡದಿದ್ದರೆ ಆ ಹೊಗಳಿಕೆ ಹೊರೆಯನ್ನು ಹೆಚ್ಚಿಸುತ್ತದೆ, ಅಷ್ಟೆ. ಗಂಡುಮಕ್ಕಳೂ ಒಲೆಯ ಮುಂದೆ ಕುಳಿತಾಗ ಮಾತ್ರ ಮನೆಯ ಧರ್ಮಸಭೆ ಪೂರ್ತಿಯಾಗುತ್ತದೆ.

ಮೂರನೆಯದು ಆಡಂಬರ. ಅಂಗಳದ ರೋಸ್ ಇಂದು ಸಭಾಭವನಕ್ಕೆ ಹೋಗಿದೆ. ವೊವಿಯೊ ಹಾಡುತ್ತಿದ್ದ ಕಡೆ ಧ್ವನಿವರ್ಧಕ ಗರ್ಜಿಸುತ್ತದೆ, ಛಾಯಾಗ್ರಾಹಕನು ನಿಲ್ಲಲು ಹೇಳಿದಾಗ ಆಶೀರ್ವದಿಸುವ ಕೈ ನಿಲ್ಲುತ್ತದೆ. ಸಾಲ ಮಾಡಿ ಈ ಖರ್ಚನ್ನು ಭರಿಸುವ ಬಡ ತಂದೆಗೆ ಅದು ಸೆರೆಯೇ. ಇಲ್ಲಿ ಗುರುವಿನ ಮಾತು ಬೇಕು. ಆದರೆ ಆ ಮಾತು ಪದ್ಧತಿಯ ವಿರುದ್ಧವಾಗದೆ ಪದ್ಧತಿಯ ತಿರುಳಿನ ಪರವಾಗಿರಬೇಕು.

ನಮ್ಮ ಮುಂದಿರುವ ಕೆಲಸ

ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಮನೆಯ ಧರ್ಮಸಭೆಯೆಂದು ಕರೆದು, ಮಕ್ಕಳಿಗೆ ವಿಶ್ವಾಸದ ಮೊದಲ ಉಪದೇಶಕರು ತಂದೆತಾಯಿಗಳೇ ಆಗಬೇಕೆಂದಿತು (ಲೂಮೆನ್ ಜೆಂತ್ಸಿಯುಂ 11). ಎರಡನೆಯ ಜಾನ್ ಪೌಲರು 1981ರಲ್ಲಿ, ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತ ತಮ್ಮ ಪ್ರಬೋಧನ ಪತ್ರಗಳಲ್ಲಿ ಇದನ್ನು ವಿಸ್ತರಿಸಿದರು. ಕೆನರಾದ ಚರಿತ್ರೆಯನ್ನು ಬಲ್ಲವರಿಗೆ ಇದು ಹೊಸ ಬೋಧನೆಯಾಗಿ ಕೇಳುವುದಿಲ್ಲ. 1784ರಿಂದ 1799ರವರೆಗೆ ನಡೆದದ್ದಕ್ಕೆ ಧರ್ಮಸಭೆ ಕೊಟ್ಟ ಹೆಸರಾಗಿ ಕೇಳುತ್ತದೆ.

ಆದ್ದರಿಂದ ಗುರುಅಭ್ಯರ್ಥಿಗಳಾದ ಸಹೋದರರಲ್ಲಿ ನಮ್ಮ ಕೋರಿಕೆಗಳು ಮೂರು. ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೂರಿಸಿ, ಪ್ರತಿಯೊಂದು ಆಚರಣೆಯನ್ನು ಏಕೆ ಮಾಡುತ್ತಾರೆಂದು ಕೇಳಿ ಬರೆದುಕೊಳ್ಳಿರಿ. ವೊವಿಯೊ ಬಲ್ಲ ಹೆಂಗಸರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಧರ್ಮಕೇಂದ್ರಕ್ಕೆ ನೇಮಕವಾದ ಮೊದಲ ವರ್ಷ ಯಾವ ಗೃಹಾಚರಣೆಯನ್ನೂ ನಿಲ್ಲಿಸಬೇಡಿರಿ. ಅದರಲ್ಲಿ ಯಾರಿಗಾದರೂ ಅನ್ಯಾಯವಾಗುತ್ತಿದ್ದರೆ ಮಾತ್ರ ತಡಮಾಡಬೇಡಿರಿ. ಮನೆಗಳ ಆಶೀರ್ವಾದಕ್ಕೆ ಹೋದಾಗ ಪವಿತ್ರ ಜಲ ಚಿಮುಕಿಸಿ ಹೊರಡುವ ಬದಲು ಸ್ವಲ್ಪ ಹೊತ್ತು ಕುಳಿತು ಅವರು ಕೊಟ್ಟದ್ದನ್ನು ತಿನ್ನಿರಿ.

ನಮ್ಮ ಬಾಲ್ಯದ ಮನೆಯಲ್ಲಿ ಜಪಸರ ಮುಗಿದ ಮೇಲೆ ಕಿರಿಯರೆಲ್ಲ ಹಿರಿಯರ ಮುಂದೆ ನಿಂತು 'ಬೆಸಾಂವ್' ಕೇಳುತ್ತಿದ್ದೆವು, ಅಂದರೆ ಆಶೀರ್ವಾದ. ಅಜ್ಜಿಯ ಕೈಗೆ ಅಡುಗೆಮನೆಯ ವಾಸನೆಯಿರುತ್ತಿತ್ತು. ಗುರುದೀಕ್ಷೆಯಾದ ದಿನ ಧರ್ಮಾಧ್ಯಕ್ಷರು ನಮ್ಮ ಕೈಗಳನ್ನು ತೈಲದಿಂದ ಅಭಿಷೇಕಿಸಿದರು. ಸಂಜೆ ಮನೆಗೆ ಬಂದಾಗ ಅಜ್ಜಿ ಮೊದಲು ನಮ್ಮ ಕೈಗಳಿಗೆ ಮುತ್ತಿಟ್ಟು ಆಶೀರ್ವಾದ ಕೇಳಿದರು. ನಾವು ಆಶೀರ್ವದಿಸಿದೆವು. ಆಮೇಲೆ ಎಂದಿನಂತೆ ಅವರ ಮುಂದೆ ತಲೆಬಾಗಿ ಬೆಸಾಂವ್ ಕೇಳಿದೆವು. ಅವರು ಕೊಟ್ಟರು, ಒಳಗೆ ಹೋಗಿ ಊಟಕ್ಕೆ ಬಡಿಸಿದರು.